ಓದದೆ ಬಿಟ್ಟ ಚಕ್ಕೆಯ ಪುಟ

"ಚೈತ್ರಶ್ರೀ ಅಂದ್ರೆ ನೀವೇನಾ?"

ಹೆತ್ತೂರಿನ ಮಹಿಳಾ ಸಂಘದ ಕೋಣೆಯಲ್ಲಿ ಒಬ್ಬಳೇ ಕುಳಿತಿದ್ದ ಹುಡುಗಿ ಬೆಚ್ಚಿ ತಲೆ ಎತ್ತಿದಳು. ಬಾಗಿಲಲ್ಲಿ ನಿಂತವನನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ನಿದ್ದೆಗೆಟ್ಟು ಕೆಂಪಾದ ಕಣ್ಣು. ಎಡಗೈ ಹೆಬ್ಬೆರಳಿಗೆ ಸುತ್ತಿದ ಹಳೇ ಬಟ್ಟೆ.

ಹೌದು ಎಂದು ತಲೆಯಾಡಿಸಿದಳು.

ಅವನು ಒಂದು ಬಿಸ್ಕತ್ತಿನ ಡಬ್ಬವನ್ನು ಅವಳ ಮುಂದಿಟ್ಟು ಮುಚ್ಚಳ ತೆಗೆದ. ಒಳಗೆ ದಪ್ಪದಪ್ಪ ಚಕ್ಕೆ... ಘಮ ಕೋಣೆಯನ್ನೆಲ್ಲ ತುಂಬಿತು.

"ಹೆಗ್ಗದ್ದೆ ಭೂತಮ್ಮನ ಮಗ ನಾನು, ಗುರು. ನಿಮ್ಮ ಮಾತು ಕೇಳಿ ನಮ್ಮವ್ವ ಸಕ್ಕರೆ ಕಾಯ್ಲೆ ಮಾತ್ರೆ ಬುಟ್ಬುಟ್ಟು ಒಂದೂವರೆ ತಿಂಗ್ಳು ಇದರ ಕಷಾಯನೇ ಕುಡುದ್ಲು. ಈಗ ಸಕಲೇಶಪುರದ ಆಸ್ಪತ್ರೇಲಿ ಮಲಗೌಳೆ. ಕಾಲ್ಬೆರಳು ಕಪ್ಪಾಗೈತೆ. ತೆಗೀಬೇಕಾಯ್ತದೆ ಅಂತಾವ್ರೆ ಡಾಕ್ಟ್ರು."

ಚೈತ್ರಶ್ರೀ ಡಬ್ಬದಿಂದ ಒಂದು ಚಕ್ಕೆ ಎತ್ತಿ ನೋಡಿದಳು.

"ಓದಿರೋರು ಹೇಳಿದ್ದು ಅಂತ ನಂಬುದ್ಲು ಕಣ್ರೀ," ಅಂದವನೇ ಅವನು ಹೊರಟುಹೋದ. ಡಬ್ಬ ಅಲ್ಲೇ ಉಳಿಯಿತು.

ಅವಳು ತನ್ನ ಡೈರಿ ತೆರೆದಳು.

ಆಹಾರ ವಿಜ್ಞಾನ ಓದಿ ಮನೆಗೆ ಮರಳಿದ್ದ ಅವಳನ್ನು ಎರಡು ತಿಂಗಳ ಹಿಂದೆ ಸಂಘದ ಸುಲೋಚನಮ್ಮ ಒತ್ತಾಯದಿಂದ ಭಾಷಣಕ್ಕೆ ನಿಲ್ಲಿಸಿದ್ದರು. ವಿಷಯ: ಅಡುಗೆಮನೆಯ ಚಕ್ಕೆ. ಮೂರು ಪುಟ ಬರೆದುಕೊಂಡಿದ್ದಳು. ಚಕ್ಕೆಯಲ್ಲಿ ನಾರಿನಂಶವಿದೆ, ಸುಣ್ಣದ ಅಂಶವಿದೆ, ದೇಹದ ಜೀವಕೋಶಗಳನ್ನು ಕಾಯುವ ಗುಣವಿದೆ. ಊಟದ ನಂತರ ಏರುವ ಸಕ್ಕರೆಯನ್ನು ಕೊಂಚ ತಗ್ಗಿಸಲೂಬಹುದು. ಕಾಫಿಗೆ ಚಿಟಿಕೆ ಹಾಕಿದರೆ ಆ ಘಮಕ್ಕೇ ಸಕ್ಕರೆ ಕಡಿಮೆ ಸಾಕು...

ಎರಡು ಪುಟ ಮುಗಿಯುವಷ್ಟರಲ್ಲಿ ಮುಂದಿನ ಸಾಲಿನ ಮುನಿಯಮ್ಮ, "ಚಕ್ಕೆ ತಿಂದ್ರೆ ಬೇಗ ಮದ್ವೆನೂ ಆಯ್ತದೇನವ್ವಾ?" ಅಂದಿದ್ದಳು. ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಅದೇ ಹೊತ್ತಿಗೆ ಕಾಫಿಯೂ ಬಂತು. ಚೈತ್ರಶ್ರೀ ಕೆಂಪಾಗಿ, ಡೈರಿ ಮುಚ್ಚಿ ಕುಳಿತುಬಿಟ್ಟಿದ್ದಳು.

ಓದದೆ ಉಳಿದದ್ದು ಮೂರನೇ ಪುಟ.

'ಇದು ಮದ್ದಲ್ಲ, ಮಸಾಲೆ. ಮಾತ್ರೆ ನಿಲ್ಲಿಸಕೂಡದು. ದಿನಕ್ಕೆ ಕಾಲು ಚಮಚ ಸಾಕು. ದಪ್ಪ ಚಕ್ಕೆಯನ್ನು ದಿನಾ ಹೆಚ್ಚು ಸೇವಿಸಿದರೆ ಲಿವರಿಗೆ ತೊಂದರೆ.'

ನಾಚಿಕೆ... ಬರೀ ನಾಚಿಕೆ! ಅದಕ್ಕೆ ಒಬ್ಬ ತಾಯಿಯ ಬೆರಳು ಬೆಲೆಯೇ?

ಮರುದಿನ ಬೆಳಗಿನ ಬಸ್ಸಿಗೇ ಅವಳು ಸಕಲೇಶಪುರಕ್ಕೆ ಹೋದಳು. ಭೂತಮ್ಮ ಎಷ್ಟು ಕಷಾಯ ಕುಡಿದಿದ್ದಳೆಂಬುದನ್ನು ಮಗ ಆಗಲೇ ಹೇಳಿದ್ದನಾದರೂ, ತಾನೂ ಡಾಕ್ಟರಿಗೆ ಡಬ್ಬ ತೋರಿಸಿದಳು. ಅವರು ಲಿವರಿನ ಪರೀಕ್ಷೆಗೂ ಬರೆದುಕೊಟ್ಟರು. ಲಿವರ್ ಸರಿಯಾಗಿಯೇ ಇತ್ತು. ಬೆರಳು ಮಾತ್ರ ಉಳಿಯಲಿಲ್ಲ.

ಅಂದಿನಿಂದ ದಿನಾ ಬಂದಳು. ಡಾಕ್ಟರನ್ನು ಕೇಳಿಯೇ ಸಪ್ಪೆ ರಾಗಿ ಅಂಬಲಿ, ಬೇಯಿಸಿದ ಕಾಳು ತಂದಳು. ಭೂತಮ್ಮನಿಗೆ ಹುಡುಗಿಯ ಮೇಲೆ ಎಳ್ಳಷ್ಟೂ ಸಿಟ್ಟಿರಲಿಲ್ಲ. "ಒಂಬತ್ತು ಬೆಳ್ಳಲ್ಲೂ ನಡೀಬೋದು ಕಣವ್ವ, ನೀ ಯಾಕೆ ಹಂಗೆ ಮೂತಿ ಮಾಡ್ತೀಯ?" ಎಂದು ಅವಳನ್ನೇ ಸಮಾಧಾನ ಮಾಡುತ್ತಿದ್ದಳು.

ಗುರು ಮಾತಾಡುತ್ತಿರಲಿಲ್ಲ. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಮುಗಿಸಿ ಸಂಜೆ ಬರುತ್ತಿದ್ದ. ತಾಯಿಯ ತಲೆ ಬಾಚಿ, ರೂಢಿಯಿಲ್ಲದ ಕೈಯಲ್ಲೇ ಜಡೆ ಹಾಕುತ್ತಿದ್ದ. ಸೊಟ್ಟ ಜಡೆ ನೋಡಿ ಪಕ್ಕದ ಮಂಚದವರು ನಕ್ಕರೂ ಅವನಿಗೆ ಪರಿವೆಯಿರಲಿಲ್ಲ. ಚೈತ್ರಶ್ರೀ ಮಾತ್ರ ಅದನ್ನೇ ನೋಡುತ್ತಾ ಕೂರುತ್ತಿದ್ದಳು.

'ನನ್ನ ಮುಖ ನೋಡಲೂ ಇಷ್ಟವಿಲ್ಲದವರಿಗಾಗಿ ನಾನೇಕೆ ಸಂಜೆಯ ಬಸ್ಸು ತಪ್ಪಿಸಿಕೊಳ್ಳುತ್ತೇನೆ?' ಎಂದು ಡೈರಿಯಲ್ಲಿ ಬರೆದಳು. ಉತ್ತರ ಬರೆಯುವ ಧೈರ್ಯವಾಗಲಿಲ್ಲ.

ಆರನೇ ದಿನ ಅವನೇ ಅವಳನ್ನು ವರಾಂಡದಲ್ಲಿ ತಡೆದ.

"ನಿಮ್ಮ ಮೇಲೆ ದೂರು ಕೊಡಲ್ಲ. ಆ ಭಯಕ್ಕೆ ದಿನಾ ಬರಬ್ಯಾಡಿ."

ಭಯಕ್ಕೆ... ಹಾಗಂದುಕೊಂಡಿದ್ದಾರಾ ಇವರು? ಅವಳ ಕಣ್ಣು ತುಂಬಿತು. ಡೈರಿಯ ಮೂರನೇ ಪುಟ ತೆರೆದು ಅವನ ಕೈಗಿಟ್ಟಳು.

"ಇದನ್ನ ಅವತ್ತು ಓದ್ಬೇಕಿತ್ತು. ನಕ್ಕರು ಅಂತ ಓದ್ಲಿಲ್ಲ. ತಪ್ಪು ನಂದೇ. ಬರ್ತಿರೋದು ಭಯಕ್ಕಲ್ಲ."

ಅವನು ಓದಿದ. ಮತ್ತೊಮ್ಮೆ ಓದಿದ. ಬೈಯುತ್ತಾನೆಂದು ಅವಳು ಕಾದಳು. ಅವನು ಗೋಡೆಗೆ ಒರಗಿ ಹೆಬ್ಬೆರಳಿನ ಬಟ್ಟೆಯನ್ನೇ ನೋಡುತ್ತಾ ನಿಂತ.

"ಇದು ಹೆಂಗಾಯ್ತು ಗೊತ್ತಾ?" ಅವನ ದನಿ ಒಡೆದಿತ್ತು. "ಚಕ್ಕೆ ಕೆತ್ತೋವಾಗ. ಎಸ್ಟೇಟ್ ಅಂಚಲ್ಲಿ ಕಾಡುಚಕ್ಕೆ ಮರ ಐತೆ. ಅವ್ವಂಗೆ ಕೆತ್ತಿ ಕೊಟ್ಟೋನು ನಾನೇ ಕಣ್ರೀ. ಮಾತ್ರೆ ತರಕ್ಕೆ ತಿಂಗ್ಳಿಗೊಂದು ದಿನ ರಜ ಹಾಕ್ಬೇಕು. ಹಣ್ಣು ಕುಯ್ಯೋ ಕಾಲ, ರಜ ಕೊಡಲ್ಲ. 'ಕಷಾಯ ಒಗ್ಗೈತಲ್ಲವ್ವ, ಈ ಸತಿ ಮಾತ್ರೆ ಬ್ಯಾಡ ಬುಡು' ಅಂದೋನೂ ನಾನೇ. ನನ್ ತಪ್ಪು ಹೊರಕ್ಕಾಗ್ದೆ ನಿಮ್ ತಲೆ ಮೇಲೆ ಹಾಕ್ದೆ."

ಹೇಳುವುದಕ್ಕೆ ಅವಳಿಗೆ ಎಷ್ಟೋ ಇತ್ತು... ಆದರೆ ಬಸ್ಸಿನ ಹಾರನ್ ಕೇಳಿಸಿತು, ಅವನ ಕೈಯಿಂದ ಡೈರಿ ತೆಗೆದುಕೊಂಡು ಹೊರಟುಬಿಟ್ಟಳು.

ಭೂತಮ್ಮ ಮನೆಗೆ ಹೋದ ಮೇಲೆ ಆಸ್ಪತ್ರೆಗೆ ಹೋಗಲು ನೆಪವಿರಲಿಲ್ಲ. ಹದಿನೈದು ದಿನ ಅವನಿಂದ ಸುದ್ದಿಯಿಲ್ಲ. ಕೊನೆಗೆ ಚೈತ್ರಶ್ರೀಯೇ ಸುಲೋಚನಮ್ಮನ ಬಳಿ ಹೋಗಿ, ಇನ್ನೊಂದು ಸಭೆ ಕರೆಯಿರಿ, ಹೆಗ್ಗದ್ದೆಯವರಿಗೂ ಹೇಳಿಕಳಿಸಿ ಎಂದು ಕೇಳಿಕೊಂಡಳು. ಇಂಥದ್ದೇ ಕಷಾಯ ಇನ್ನೆಷ್ಟು ಮನೆಗಳಲ್ಲಿ ಕುದಿಯುತ್ತಿದೆಯೋ ಎಂಬ ಚಿಂತೆ ಅವಳನ್ನು ಮಲಗಲು ಬಿಟ್ಟಿರಲಿಲ್ಲ.

ಸಭೆ ತುಂಬಿತು. ಅವಳು ನಿಂತಳು. ಮೂರನೇ ಪುಟ ತೆರೆದಳು. ಮೊದಲ ಸಾಲನ್ನು ಮೆಲ್ಲಗೆ ಓದಿದಳು. ಮುಂದಿನ ಸಾಲಿನಲ್ಲಿ ಮುನಿಯಮ್ಮ ಏನೋ ಪಿಸುಗುಟ್ಟಿ ನಕ್ಕಳು. ಡೈರಿ ಮುಚ್ಚಬೇಕೆನಿಸಿತು...

"ಹಿಂದಕ್ಕೆ ಕೇಳಿಸ್ತಿಲ್ಲ ಕಣ್ರೀ. ಜೋರಾಗಿ ಓದಿ."

ಬಾಗಿಲ ಬಳಿ ಗುರು. ಅವನ ತೋಳು ಹಿಡಿದು ಭೂತಮ್ಮ.

ಅವಳು ಓದಿದಳು. ಪೂರ್ತಿ ಓದಿದಳು. ತಾನು ಇದನ್ನು ಅಂದು ಓದದೆ ಬಿಟ್ಟದ್ದನ್ನೂ, ಅದರಿಂದ ಆದದ್ದನ್ನೂ ಹೇಳಿದಳು. ಯಾರೂ ನಗಲಿಲ್ಲ. ಮುನಿಯಮ್ಮ ಮೆಲ್ಲಗೆ ಎದ್ದು, ತನ್ನ ಗಂಡನೂ ಮಾತ್ರೆ ಬಿಟ್ಟು ವಾರವಾಯಿತೆಂದು ಹೇಳಿ, ಕಾಫಿಗೂ ಕಾಯದೆ ಮನೆಯತ್ತ ಓಡಿದಳು.

ಎಲ್ಲರೂ ಚದುರಿದ ಮೇಲೆ ಗುರು ಒಂದು ಲೋಟ ಕಾಫಿ ತಂದು ಅವಳ ಮುಂದಿಟ್ಟ. ಚಕ್ಕೆಯ ಘಮ.

"ಎಷ್ಟು ಹಾಕಿದ್ರಿ?" ಅವಳು ಗಾಬರಿಯಾದಳು.

"ಚಿಟಿಕೆ ಕಣ್ರೀ. ಮೂರನೇ ಪುಟ ಬಾಯಿಪಾಠ ಐತೆ ನಂಗೆ." ಅವನು ಮೊದಲ ಬಾರಿ ನಕ್ಕ. ಮತ್ತೆ ತಡವರಿಸಿದ. "ದಿನಾ ಸಂಜೆ ಆದ್ರೆ ಆ ವರಾಂಡನೇ ಗೆಪ್ತಿಗೆ ಬತ್ತದೆ. ನೀವು ಬತ್ತಿದ್ದಿದ್ದು ಭಯಕ್ಕಲ್ಲ ಅಂದ್ರಲ್ಲ... ಯಾಕೆ ಅಂತ ಹೇಳ್ಲಿಲ್ಲ. ಆ ಡೈರೀಲಿ ಓದ್ದೇ ಬುಟ್ಟಿದ್ದು ಇನ್ನೇನಾರ ಐತಾ?"

ಅವಳ ಕಿವಿ ಕೆಂಪಾಯಿತು. ಆದರೆ ಈ ಸಲ ಡೈರಿ ಮುಚ್ಚಲಿಲ್ಲ. ಪುಟ ತಿರುವಿ, ಅವನಿಗೆ ಕೇಳಿಸುವಷ್ಟೇ ದನಿಯಲ್ಲಿ ಓದಿದಳು.

"'ಅವರ ಹೆಬ್ಬೆರಳಿನ ಗಾಯ ಮಾಯಿತೋ ಇಲ್ಲವೋ... ಕೇಳುವ ಹಕ್ಕು ನನಗೆ ಬೇಕು.'"

ಗುರು ಎಡಗೈ ಚಾಚಿದ. ಬಟ್ಟೆಯಿರಲಿಲ್ಲ. ಸಣ್ಣದೊಂದು ಬಿಳಿ ಗೆರೆ ಮಾತ್ರ ಉಳಿದಿತ್ತು.

"ನೀವೇ ನೋಡಿ."

ಚೈತ್ರಶ್ರೀ ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.