ಒಡೆದ ಹಂಚಿನ ಗುಡ್ಡ

ಐವತ್ತೊಂದನೇ ಇಸವಿಯ ಮೇ ತಿಂಗಳು. ಒಡೆದ ಹಂಚಿನ ಕೊನೆಯ ಬುಟ್ಟಿಯನ್ನು ಹರಿಣಾಕ್ಷಿ ಸುರಿದಾಗ ಹಂಚಿನ ಕಾರ್ಖಾನೆಯ ಗುಮಾಸ್ತ ಪ್ರೇಮನಾಥ "ನಲವತ್ತೆರಡು" ಎಂದ. ಪುಸ್ತಕದಲ್ಲಿ ಬರೆದದ್ದು ಇಪ್ಪತ್ತೊಂದು. ಮೂರನೇ ಕ್ಲಾಸಿನವರೆಗೆ ಕಲಿತ ಅವಳಿಗೆ ಅಷ್ಟು ಓದಲು ಬರುತ್ತಿತ್ತು.

ಅವಳ ಮನಸ್ಸು ಕಹಿಯಾಯಿತು. ಒಂದು ವರ್ಷದಿಂದ ಅವಳು ಬಂದಾಗ ಮಾತ್ರ ಅವನ ಪೆನ್ಸಿಲು ಅರೆಗಳಿಗೆ ನಿಂತು, ಕಣ್ಣು ಅವಳತ್ತ ಏಳುತ್ತಿತ್ತು. ದಿನವೂ ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಅದನ್ನೇ ನೆನೆಯುತ್ತಿದ್ದಳು; ಅಂಥವನು ಸುಳ್ಳು ಬರೆಯುವುದೇ?

"ಗುಮಾಸ್ತರಿಗೆ ಲೆಕ್ಕ ಮರೆತುಹೋಯ್ತಾ?"

ಅವನ ಕಿವಿ ಕೆಂಪಾಯಿತು. "ಮ್ಯಾನೇಜರ್ ಹೇಳಿದ್ದು. ಇಷ್ಟು ಹಂಚು ಒಡೆಯುವುದು ಮಂಗಳೂರಿನ ಧಣಿಗಳಿಗೆ ಗೊತ್ತಾಗಬಾರದಂತೆ. ಅರ್ಧವೇ ಬರೆಯಬೇಕು."

"ಹಾಗಾದ್ರೆ ನಿಮ್ಮ ಪುಸ್ತಕದಲ್ಲಿ ಗುಡ್ಡ ಸಣ್ಣದು. ನಮ್ಮ ಮನೆ ಹಿಂದೆ ಇರುವುದು ದೊಡ್ಡದು."

ಪುತ್ತಿಗೆಯ ಹೊಳೆಬದಿಯಲ್ಲಿ ಆ ಕಾರ್ಖಾನೆ ಇಪ್ಪತ್ತು ವರ್ಷದಿಂದ ಚೂರು ಸುರಿದು ಗುಡ್ಡ ಮಾಡಿತ್ತು. ಬುಡದಲ್ಲಿ ಕೆಲಸದವರ ಆರು ಮನೆ. ತಡೆಗೋಡೆ ಕೇಳಿದರೆ ಮ್ಯಾನೇಜರ್ ಅದೇ ಪುಸ್ತಕ ತೋರಿಸಿ, ಬಿದ್ದ ಚೂರು ಇಷ್ಟೇ ಎನ್ನುತ್ತಿದ್ದ. ಸಂಜೆ ಚೂರುಗಳು ಕರಕರ ಜಾರುವಾಗ ಹರಿಣಾಕ್ಷಿಯ ತಾಯಿ ದೇವಕಿ ಗಂಜಿ ಬಡಿಸುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು.

ಭಾನುವಾರ ಪ್ರೇಮನಾಥ ಅಳತೆಯ ಹಗ್ಗ ಹಿಡಿದು ಬಂದ. "ಒಂದು ತುದಿ ಹಿಡಿಯುತ್ತೀಯಾ?"

ಗುಡ್ಡದ ಸುತ್ತ ಅಳೆದು ಬರೆದುಕೊಂಡ ಮೇಲೆ ಹಗ್ಗ ಸುತ್ತುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಕೈ ತೆಗೆಯಲಿಲ್ಲ. ಅಷ್ಟರಲ್ಲಿ ಮೇಲಿನಿಂದ ಒಂದು ಚೂರು ಜಾರಿತು, ಅದರ ಹಿಂದೆ ಹತ್ತು.

"ಸರಿಯಾದ ಲೆಕ್ಕ ಧಣಿಗಳಿಗೆ ಕೊಡ್ತೇನೆ. ಮತ್ತೆ ನನಗೆ ಇಲ್ಲಿ ಕೆಲಸ ಇರ್ಲಿಕ್ಕಿಲ್ಲ."

"ಹಾಗಾದ್ರೆ ಈ ಕಡೆ ಬರ್ಲಿಕ್ಕೇ ಇಲ್ವಾ?"

"ಈ ಕಡೆ ಬರ್ಲಿಕ್ಕೆ ಕೆಲಸವೇ ಬೇಕಾ?"

ಅವಳು ನಗು ಅಡಗಿಸಲು ಹೊಳೆಯತ್ತ ತಿರುಗಿದಳು.

ಅವನು ಮಂಗಳೂರಿಗೆ ಹೋದ ಮೇಲೆ ಮಳೆ ಹಿಡಿಯಿತು. ನಾಲ್ಕನೇ ದಿನ ಗುಡ್ಡದಿಂದ ಇಳಿದ ಹಂಚಿನ ಪುಡಿಗೆ ಬಾವಿಯ ನೀರು ಕೆಂಪಾಗಿತ್ತು. ಮಧ್ಯಾಹ್ನ ಅವನು ತೊಯ್ದು ತೊಪ್ಪೆಯಾಗಿ ಬಾಗಿಲಲ್ಲಿ ನಿಂತ.

"ಮಳೆಗಾಲ ಮುಗಿಯಲಿ, ಆಮೇಲೆ ನೋಡುವ ಅಂದ್ರು ಧಣಿಗಳು. ಅಮ್ಮಾ, ಈಗಲೇ ಹೊರಡಿ. ಬದಿಯಡ್ಕದಲ್ಲಿ ನನ್ನ ಮನೆ ಉಂಟು, ತಾಯಿ ಇದ್ದಾರೆ."

"ಎಂತ ಸಂಬಂಧ ಅಂತ ಬರುವುದು?" ದೇವಕಿ ಕೇಳಿದಳು.

"ಹರಿಣಾಕ್ಷಿಯನ್ನು ನನಗೆ ಕೊಡಿ. ಅವಳು ಒಪ್ಪದಿದ್ದರೂ ಇವತ್ತು ಹೊರಡಿ."

ಹರಿಣಾಕ್ಷಿ ಬಟ್ಟೆಯ ಗಂಟು ಎತ್ತಿಕೊಂಡಳು. "ಒಪ್ಪಿಗೆ ಉಂಟು. ನಡಿ ಅಮ್ಮ."

ಅವರನ್ನು ನೋಡಿ ಮತ್ತೆ ನಾಲ್ಕು ಮನೆಯವರು ಹೊರಟರು. ಒಂಟಿ ಮುದುಕ ಹೊನ್ನಯ್ಯ ಮಾತ್ರ ಜಗಲಿಯಿಂದ ಏಳಲಿಲ್ಲ.

"ಅಷ್ಟೆಂತ ಇಲ್ಲ ಮಾರಾಯ. ಮ್ಯಾನೇಜರ್ ಪುಸ್ತಕ ತೋರಿಸಿದ್ದಾರೆ."

"ಅದು ಸುಳ್ಳು. ಬರೆದವ ನಾನೇ," ಎಂದು ಪ್ರೇಮನಾಥ ಅವನ ಕೈ ಹಿಡಿದು ಎಳೆದ. ಮುದುಕ ನಕ್ಕು ಕೈ ಬಿಡಿಸಿಕೊಂಡ.

ಅವರು ಹೊಳೆ ದಾಟುವ ಮರದ ಸಂಕದ ಮೇಲಿದ್ದಾಗ ಗುಡುಗಿನಂಥ ಸದ್ದಾಯಿತು. ತಿರುಗಿ ನೋಡಿದರೆ ಆರು ಮನೆಗಳಲ್ಲಿ ಒಂದೂ ಕಾಣಲಿಲ್ಲ.

ಹೊನ್ನಯ್ಯನ ಹೆಣ ಸಿಕ್ಕಿದ್ದು ಎರಡು ದಿನ ಅಗೆದ ಮೇಲೆ. ಅದನ್ನು ಸುಟ್ಟು ಬಂದ ಮೇಲೆ ಪ್ರೇಮನಾಥ ಹೊಳೆದಂಡೆಯಲ್ಲಿ ಕುಳಿತ. ಹರಿಣಾಕ್ಷಿ ಹತ್ತಿರ ಬಂದಾಗ ತಲೆ ಎತ್ತಲಿಲ್ಲ.

"ನನ್ನಿಂದ ಸತ್ತದ್ದು. ನಿನಗೆ ನಾನು ಬೇಡ ಅನಿಸಿದರೆ ಹೇಳು."



"ನಿಮ್ಮ ತಪ್ಪಿಲ್ಲ ಅಂತ ನಾನು ಹೇಳುವುದಿಲ್ಲ," ಎಂದಳು ಅವಳು. "ನಾಳೆ ಪೊಲೀಸರು ಬರ್ತಾರಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ."

"ನನ್ನನ್ನೂ ಒಳಗೆ ಹಾಕಿದರೆ?"

ಅವಳು ಪಕ್ಕದಲ್ಲಿ ಕುಳಿತು, ಸೆರಗಿನಿಂದ ಅವನ ಮುಖ ಒರೆಸಿದಳು.

"ಬದಿಯಡ್ಕದಲ್ಲಿ ನಿಮ್ಮ ತಾಯಿಯ ಹತ್ತಿರ ಇರ್ತೇನೆ. ಬಿಟ್ಟ ದಿನ ಅಲ್ಲಿಗೇ ಬನ್ನಿ."