ಇಟ್ಟಿಗಿಯ ಮತಪೆಟ್ಟಿಗೆ

ಕೊಟ್ಟೂರಿನ ಹಳೆಯ ಛತ್ರದ ಬಾಗಿಲು ತೆರೆದ ಕಾವಲುಗಾರ ಗಾದೆಪ್ಪ ಅಲ್ಲೇ ನಿಂತುಬಿಟ್ಟ. ಮೇಜು ಖಾಲಿ. ಕೆಂಪು ಮತಪೆಟ್ಟಿಗೆ ಇಲ್ಲ. ಬೀಗ ಮಾತ್ರ ಒಡೆದಿರಲಿಲ್ಲ.

ಮಧ್ಯಾಹ್ನ ಹಳೆಯ ಚುನಾವಣೆಗಳ ವಸ್ತುಪ್ರದರ್ಶನದ ಉದ್ಘಾಟನೆ. ಮದ್ರಾಸ್ ಸರ್ಕಾರದ ಕಾಲದಲ್ಲಿ ಹಡಗಲಿ, ಕೂಡ್ಲಿಗಿ, ಹರಪನಹಳ್ಳಿಯ ಊರುಗಳೆಲ್ಲ ಸೇರಿ ಒಂದೇ ಮತಕ್ಷೇತ್ರ. ಕಂದಾಯ ಕಟ್ಟುವವರಿಗಷ್ಟೇ ಮತ. ಓದು ಬಾರದವರಿಗಾಗಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಣ್ಣದ ಪೆಟ್ಟಿಗೆ. ಸ್ವಾತಂತ್ರ್ಯದ ನಂತರ ಆ ಕ್ಷೇತ್ರವೇ ಅಳಿಸಿಹೋಯಿತು. ಉಳಿದ ಈ ಒಂದು ಪೆಟ್ಟಿಗೆಯನ್ನು ಹಿಂದಿನ ಸಂಜೆ ತಂದಿಟ್ಟವರು ಇಟ್ಟಿಗಿಯ ಅನ್ನದಾನಮ್ಮ.

ಸಬ್‌ಇನ್‌ಸ್ಪೆಕ್ಟರ್ ಸುಮಲತಾ ಬಂದಾಗ ಪ್ರದರ್ಶನ ಸಮಿತಿಯ ಅಧ್ಯಕ್ಷ ಗುರುಮೂರ್ತಿ ಗಾದೆಪ್ಪನನ್ನು ಗದರಿಸುತ್ತಿದ್ದರು. ಆ ಕ್ಷೇತ್ರದ ಚುನಾವಣೆಯಲ್ಲಿ ಅಂದು ಗೆದ್ದ ಸಾಹುಕಾರರ ಮೊಮ್ಮಗ ಅವರು. ಬೀಗದ ಕೈ ಇದ್ದದ್ದು ಇವರಿಬ್ಬರ ಬಳಿ ಮಾತ್ರ.

“ನೀವು ಪೆಟ್ಟಿಗಿ ನೋಡಿದ್ರೇನು?” ಎಂದು ಸುಮಲತಾ ಗುರುಮೂರ್ತಿಯವರನ್ನು ಕೇಳಿದರು.

“ಇಲ್ರಿ ಮೇಡಂ, ನಿನ್ನೆ ನಾ ಊರಾಗ ಇರ್ಲಿಲ್ಲ. ಫೋನಿನಾಗ ಫೋಟೊ ನೋಡೀನಿ, ಅಷ್ಟ. ಇವನೇ ಗುಜರಿಗೆ ಹಾಕ್ಯಾನ. ಹಳದಿ ತಳದ ಹಳೇ ಡಬ್ಬಿ, ಮತ್ಯಾರಿಗೆ ಬೇಕು?”

ಸುಮಲತಾ ಸುದ್ದಿ ಕೇಳಿ ಬಂದಿದ್ದ ಅನ್ನದಾನಮ್ಮನನ್ನು ಬದಿಗೆ ಕರೆದು, ಪೆಟ್ಟಿಗೆಯ ತಳವನ್ನು ಯಾರಿಗಾದರೂ ತೋರಿಸಿದ್ದಿರಾ ಎಂದು ಕೇಳಿದರು. ಇಲ್ಲ, ಸಭೆಯಲ್ಲೇ ತೋರಿಸಬೇಕೆಂದಿದ್ದೆ ಎಂದರು ಆಕೆ. ಅಂದು ಸಾಹುಕಾರರಿಗೆ ಕೆಂಪು ಪೆಟ್ಟಿಗೆ, ಎದುರಾಳಿಗೆ ಹಳದಿ. ಅನ್ನದಾನಮ್ಮನ ಅತ್ತೆ ಬಸಲಿಂಗಮ್ಮ ಮತ ಹಾಕಲು ಒಳಗೆ ಹೋದರೆ—ಎರಡೂ ಕೆಂಪು! ಮೋಸ ಎಂದು ಕೂಗಿದ ಆಕೆಯನ್ನು ಸುಳ್ಳಿ ಎಂದು ಹೊರದಬ್ಬಿದ್ದರು. ಮುಂದೆ ಗುಜರಿಗೆ ಬಂದ ಎದುರಾಳಿಯ ಪೆಟ್ಟಿಗೆಯನ್ನು ಬಸಲಿಂಗಮ್ಮ ತಳದಿಂದಲೇ ಗುರುತಿಸಿ ಕೊಂಡು ಅಟ್ಟದ ಮೇಲಿಟ್ಟಿದ್ದರು.

ಸುಮಲತಾ ಗುರುಮೂರ್ತಿಯ ಎದುರು ಬಂದು ನಿಂತರು.

“ಎಲ್ಲರೂ ಬೀಗದ ಕೈ ನೋಡಿದ್ರಿ, ನಿಮ್ಮ ಮಾತು ಯಾರೂ ಕೇಳಿಸ್ಕೊಳ್ಲಿಲ್ಲ. ಫೋಟೊದಾಗ ಬರೇ ಕೆಂಪು ಕಾಣ್ತೈತಿ. ಅವತ್ತು ಹಳದಿ ಪೆಟ್ಟಿಗಿಗೆ ಕೆಂಪು ಬಣ್ಣ ಬಳಿದೋರು ಅವಸರದಾಗ ತಳ ಬಿಟ್ಟಾರ. ಅದು ಹಳದಿ ಅಂತ ಎತ್ತಿ ನೋಡ್ದೋರಿಗಷ್ಟ ಗೊತ್ತು. ನೀವ ಒಯ್ದೀರಿ, ಗುರುಮೂರ್ತಿಯವರೆ.”

ಪೆಟ್ಟಿಗೆ ಅವರ ಕಾರಿನ ಡಿಕ್ಕಿಯಲ್ಲೇ ಸಿಕ್ಕಿತು. ಅಜ್ಜನ ಹೆಸರು ಕೆಡುತ್ತದೆಂದು ಹೀಗೆ ಮಾಡಿದೆ ಎಂದು ಒಪ್ಪಿಕೊಂಡ ಅವರು ಅನ್ನದಾನಮ್ಮನ ಮುಂದೆ ಕೈಮುಗಿದರು. ಬಸಲಿಂಗಮ್ಮನ ದೊಡ್ಡ ಫೋಟೊ ಹಾಕಿಸುತ್ತೇನೆ, ತಳದ ಮಾತು ಮಾತ್ರ ಬೇಡ ಎಂದರು.

“ನಮ್ಮತ್ತಿ ಸಾಯೋತನಕ ಸುಳ್ಳಿ ಅನ್ನಿಸ್ಕೊಂಡ್ಲು,” ಎಂದರು ಅನ್ನದಾನಮ್ಮ. “ಆಕಿಗೆ ಫೋಟೊ ಬ್ಯಾಡ. ಆಕಿ ಹೇಳಿದ್ದು ಖರೇ ಅಂತ ಊರಿಗೆ ಗೊತ್ತಾಗ್ಬೇಕು.”

ಮಧ್ಯಾಹ್ನ ಸಭೆ ತುಂಬಿತ್ತು. ಯಾರೂ ಕರೆಯುವ ಮೊದಲೇ ಅನ್ನದಾನಮ್ಮ ವೇದಿಕೆ ಹತ್ತಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ಅತ್ತೆಯ ಹೆಸರು ಹೇಳಿದರು. ಬಣ್ಣ ಬಳಿಸಿದವರ ಹೆಸರನ್ನೂ ಹೇಳಿದರು. ಹಿಂದಿನ ಸಾಲಿನವರು ಕೇಳಿಸಲಿಲ್ಲ ಎಂದರು.

ಅನ್ನದಾನಮ್ಮ ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದರು.