ದೇವದಾರಿನ ಕಪ್ಪು ಸೀಸೆ

“ಆ ಕಪ್ಪು ಸೀಸೆಯ ಬಿರಡೆ ತೆಗೀಬೇಡಮ್ಮ. ಮೂಸಿದವರಿಗೆ ಒಳ್ಳೇದಾಗಲ್ಲ.”

ಉಗ್ರಾಣದ ಮುದುಕನ ಮಾತಿಗೆ ಅವಳು ನಕ್ಕುಬಿಟ್ಟಳು. ಸುಗಂಧ ಬೆರೆಸುವ ಕೆಲಸಕ್ಕೆಂದು ಆ ಕಾರ್ಖಾನೆ ಸೇರಿ ಇನ್ನೂ ವಾರವಾಗಿರಲಿಲ್ಲ. “ಯಾಕಜ್ಜ, ಒಳಗೆ ದೆವ್ವ ಏನಾದ್ರೂ ಕೂತಿದ್ಯಾ?”

ಮುದುಕ ನಗಲಿಲ್ಲ. ದನಿ ತಗ್ಗಿಸಿ ಹೇಳಿದ. ಹಿಂದೆ ಇಲ್ಲಿ ಎಣ್ಣೆ ಭಟ್ಟಿ ಇಳಿಸುವ ಹೆಂಗಸೊಬ್ಬಳಿದ್ದಳು. ಮಗುವಿಗೆ ಜ್ವರ ಏರಿದೆ, ಮನೆಗೆ ಬಿಡಿ ಎಂದು ಅಂಗಲಾಚಿದಳು. ಭಟ್ಟಿ ಆರಿದರೆ ಎಣ್ಣೆ ಕೆಡುತ್ತದೆಂದು ಯಜಮಾನ ಬಾಗಿಲಿಗೆ ಚಿಲಕ ಹಾಕಿಸಿದ. ಅವಳು ಮನೆ ಮುಟ್ಟುವಷ್ಟರಲ್ಲಿ ಮಗು ತಣ್ಣಗಾಗಿತ್ತು. ಮೂರನೇ ದಿನ ಬಂದವಳೇ ದೇವದಾರಿನ ಚಕ್ಕೆಗಳ ಜೊತೆ ಮಗುವಿನ ಅಂಗಿಯನ್ನೂ ತನ್ನ ಕೂದಲನ್ನೂ ಹಂಡೆಗೆ ಹಾಕಿ, ಮಂತ್ರ ಗೊಣಗುತ್ತಾ ಎಣ್ಣೆ ಇಳಿಸಿ, ಈ ಸೀಸೆಗೆ ತುಂಬಿ, ಅಲ್ಲೇ ಪ್ರಾಣ ಬಿಟ್ಟಳು. ‘ಮೂಸಿದವರ ಪಾಲಿಗೆ ಅವರ ಜೀವದ ಜೀವ ಇಲ್ಲದಂತಾಗಲಿ’ ಎಂಬುದೇ ಅವಳ ಕೊನೆಯ ಮಾತು.

“ಎಸೆಯೋಕೂ ಯಾರೂ ಮುಟ್ಟಲ್ಲ ಕಣಮ್ಮ.”

ಮುದುಕ ಅತ್ತ ಹೋದದ್ದೇ ತಡ, ಅವಳು ಬಿರಡೆ ಕಿತ್ತಳು. ಹಳೆಯ ಎಣ್ಣೆ, ಜೇನಿನಷ್ಟು ಮಂದ. ಕಾಗದದ ಪಟ್ಟಿ ಅದ್ದಿ ಮೂಗಿಗೆ ಹಿಡಿದಳು. ಆಗಷ್ಟೇ ಚೂಪು ಮಾಡಿದ ಪೆನ್ಸಿಲಿನ ಘಮ. ಅದರಡಿ ತೆಳು ಹೊಗೆ, ಒಣಗಿದ ತೊಗಲು. ಎಲ್ಲಕ್ಕಿಂತ ಆಳದಲ್ಲಿ, ಸುಡುವ ಹಣೆಯ ಬೆವರು. ಮೈ ಜುಮ್ಮೆಂದಿತು. ‘ಅಬ್ಬ, ಎಂಥ ಸರಕು!’ ಎಂದುಕೊಂಡಳು.

ಸಂಜೆ ಮನೆಗೆ ಬಂದಾಗ ನಾಲ್ಕು ವರ್ಷದ ಮಗಳು ಪುಟ್ಟಿ ಓಡಿ ಬಂದು ಕೊರಳಿಗೆ ಜೋತುಬಿದ್ದಳು. ಅವಳು ಎಂದಿನಂತೆ ಮಗಳ ನೆತ್ತಿಗೆ ಮೂಗಿಟ್ಟಳು. ಹಾಲು, ಸೋಪು, ಆಟದ ಮಣ್ಣು, ಯಾವುದರ ವಾಸನೆಯೂ ಇಲ್ಲ. ಗಾಜು ಮೂಸಿದ ಹಾಗೆ. ಪಕ್ಕದಲ್ಲಿದ್ದ ಗಂಡನ ಅಂಗಿಯ ಬೆವರು ಮಾತ್ರ ಮೂಗಿಗೆ ರಾಚುತ್ತಿತ್ತು.

ಮರುದಿನ ಬೆಳಗ್ಗೆ ಪುಟ್ಟಿಯ ತುಟಿ ಅಲ್ಲಾಡುತ್ತಿತ್ತು. ದನಿಯಿರಲಿಲ್ಲ.

“ರೀ, ಮಗು ಮಾತಾಡ್ತಿಲ್ಲ!”

ಗಂಡ ಕಕ್ಕಾಬಿಕ್ಕಿಯಾದ. “ಏನಾಯ್ತೇ ನಿಂಗೆ? ಆಗ್ಲಿಂದ ಅಮ್ಮಾ ಅಮ್ಮಾ ಅಂತ ಕಿರುಚ್ತಾ ಇದಾಳಲ್ಲ!”

ಅವಳು ಕಾರ್ಖಾನೆಗೆ ಓಡಿದಳು. ಸೀಸೆ ಒಡೆದಳು. ರಕ್ತ ಬರುವಂತೆ ಮೂಗು ತಿಕ್ಕಿ ತೊಳೆದಳು. “ಮಗಳ ದನಿ ನಂಗೆ ಕೇಳ್ತಿಲ್ಲ, ಬಿಡಿಸೋ ದಾರಿ ಹೇಳಜ್ಜ!” ಎಂದು ಮುದುಕನ ಕಾಲು ಹಿಡಿದಳು.

ಅವನ ಕಣ್ಣು ತುಂಬಿತ್ತು. “ಮಾಟ ಕಟ್ಟಿದವಳೇ ಇಲ್ಲವಲ್ಲ ತಾಯಿ. ಮನೆಗೆ ಹೋಗು. ಕಣ್ಣಿಗೆ ಕಾಣೋಷ್ಟು ಹೊತ್ತು ಮಗೂನ ನೋಡ್ಕೊ.”

ಓಡಿದಳು. ಮಗಳನ್ನು ಬಾಚಿ ತಬ್ಬಿದಳು. ಬಿಸಿಯಿಲ್ಲ. ತೂಕವಿಲ್ಲ. ಕೆನ್ನೆ ಕೈಗೆ ತಾಕಲಿಲ್ಲ. ಪುಟ್ಟಿ ಸದ್ದಿಲ್ಲದೆ ಅಳುತ್ತಿದ್ದಳು. ಕಿಟಕಿಯ ಬಿಸಿಲು ಅವಳ ಮೈಯನ್ನು ಹಾದು ನೆಲಕ್ಕೆ ಬೀಳುತ್ತಿತ್ತು. ರೆಪ್ಪೆ ಮಿಟುಕಿಸಬಾರದು. ಕಣ್ಣು ಉರಿಯಿತು. ತಡೆದಳು. ನೀರು ತುಂಬಿತು. ತಡೆದಳು. ರೆಪ್ಪೆ ತಾನಾಗಿ ಮುಚ್ಚಿತು.

ತೆರೆದಾಗ ಬರೀ ಬಿಸಿಲು.

ಈಗ ದಿನವೂ ಅವಳು ಚಾಪೆಯ ಮೇಲೆ ಕಾಲು ಚಾಚಿ ಕೂರುತ್ತಾಳೆ. ಗಂಡ ಎದುರಿಗೆ ಕೂತು ಹೇಳುತ್ತಾನೆ: “ಬಂದ್ಳು. ನಿನ್ನ ತೊಡೆ ಮೇಲೆ ಕೂತ್ಕೊಂಡ್ಳು.” ಅವಳು ಗಾಳಿಯಲ್ಲಿ ಕೈಯಾಡಿಸುತ್ತಾಳೆ. “ಇನ್ನೂ ಸ್ವಲ್ಪ ಕೆಳಗೆ. ಹಾಂ, ಅಲ್ಲೇ ತಲೆ.”

ಮೊನ್ನೆ ಅವಳು ಕೇಳಿದಳು: “ಏನಂತಿದಾಳೆ, ರೀ?”

ಗಂಡ ಮುಖ ತಿರುಗಿಸಿದ.

“ಅಮ್ಮ ಯಾಕೆ ನನ್ನ ನೋಡಲ್ಲ, ನಾನೇನ್ ತಪ್ಪು ಮಾಡ್ದೆ, ಅಂತಾಳೆ.”